ಹಳೆಯ ಕಂಪ್ಯೂಟರೂ ಅದರ ಚಿಕಿತ್ಸೆಯ ವೆಚ್ಚವೂ

ಮನೆಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಕಂಪ್ಯೂಟರು ಒಂದು ದಿನ ಮೊಂಡು ಹಿಡಿದು ಕುಳಿತರೆ ಏನು ಮಾಡತಕ್ಕದ್ದು? ಹೊಸದನ್ನು ಕೊಳ್ಳೋಣವೆಂದರೆ ಹಣ ಸಾಲದು. ಹಳೆಯದನ್ನು ಬಿಡೋಣವೆಂದರೆ ಮಕ್ಕಳ ಭಾವಚಿತ್ರಗಳೂ ಮನೆಯ ಲೆಕ್ಕಪತ್ರಗಳೂ ಅದರ ಹೊಟ್ಟೆಯಲ್ಲಿರುವುವು. ಈ ಇಕ್ಕಟ್ಟಿಗೆ ಸಿಕ್ಕಿದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಅನೇಕರಿರಬಹುದಾದುದರಿಂದ, ನಾನು ಹಣ ತೆತ್ತು ಕಲಿತುದನ್ನು ಇಲ್ಲಿ ಬರೆಯುವೆನು.

2014ರಲ್ಲಿ ಕೊಂಡ ನಮ್ಮ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಇಂಟರ್ನೆಟ್ಟಿನ ಪುಟಗಳು ತೆರೆಯದೆ ಹೋದುವು. ಬ್ಯಾಂಕಿನ ಪುಟವಂತೂ ಸುರಕ್ಷಿತವಲ್ಲವೆಂದು ಎಚ್ಚರಿಸಿ ಬಾಗಿಲು ಮುಚ್ಚಿತು. ಫೋನಿನ ಮೂಲಕ ಸಹಾಯ ಮಾಡುವ ಒಂದು ಸಂಸ್ಥೆಗೆ ಮೊರೆಯಿಟ್ಟೆನು. ಅಲ್ಲಿಯ ಯುವಕನು ಅದನ್ನು ಒತ್ತಿರಿ, ಇದನ್ನು ಒತ್ತಿರಿ ಎಂದು ಒಂದು ಗಂಟೆಯ ಹೊತ್ತು ನನ್ನಿಂದ ಏನೇನನ್ನೋ ಮಾಡಿಸಿದನು, ಪುಟಗಳು ತೆರೆದುವು. “ಒಳಗೆಲ್ಲ ವೈರಸ್ಸು ತುಂಬಿದೆ ಅಮ್ಮ, ವರ್ಷದ ಒಪ್ಪಂದ ಮಾಡಿಕೊಳ್ಳಿ” ಎಂದನು. ಆ ತಿಂಗಳ ಪಿಂಚಣಿಯಲ್ಲಿ ಅರ್ಧದಷ್ಟು ಅದಕ್ಕೆ ಹೋಯಿತು. ರಾತ್ರಿ ಸ್ವಿಚ್ಚು ಆರಿಸಿ ಬೆಳಗ್ಗೆ ನೋಡಿದರೆ ರೋಗವು ಮರಳಿ ಬಂದಿದ್ದಿತು! ಕೊನೆಗೆ ಪಕ್ಕದ ಮನೆಯ ಕಾಲೇಜು ಹುಡುಗಿಯು ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ತೋರಿಸಿ, “ಅಜ್ಜಿ, ನಿಮ್ಮ ಕಂಪ್ಯೂಟರು ಇನ್ನೂ 2014ರಲ್ಲಿಯೇ ಇದೆಯಲ್ಲ” ಎಂದು ನಕ್ಕಳು.

ಕಾರಣವು ಹೀಗೆ: ಯಂತ್ರದೊಳಗಿನ ಮದರ್‌ಬೋರ್ಡೆಂಬ ಮುಖ್ಯ ಹಲಗೆಯ ಮೇಲೆ ನಾಣ್ಯದಂಥ ಒಂದು ಸಣ್ಣ ಬ್ಯಾಟರಿಯಿರುವುದು. ಬಹುಮಟ್ಟಿಗೆ ಇದು ಸಿ.ಆರ್. 2032 ಎಂಬ 3 ವೋಲ್ಟಿನ ಜಾತಿಯದು. ವಿದ್ಯುತ್ತು ಇಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದೇ ಅದರ ಕೆಲಸ. ಅದು ತೀರಿದರೆ, ಸ್ವಿಚ್ಚು ಆರಿಸಿದಾಗಲೆಲ್ಲ ಗಡಿಯಾರವು ಹಿಂದಕ್ಕೆ ಹೋಗುವುದು. ಇಂಟರ್ನೆಟ್ಟಿನ ಸುರಕ್ಷಿತ ಪುಟಗಳೆಲ್ಲವೂ ಇಂಥ ದಿನದಿಂದ ಇಂಥ ದಿನದ ವರೆಗೆ ಸಲ್ಲತಕ್ಕ ಪ್ರಮಾಣಪತ್ರವನ್ನು ತೋರಿಸುವುವು. ತಾನು 2014ರಲ್ಲಿದ್ದೇನೆಂದು ನಂಬಿದ ಯಂತ್ರಕ್ಕೆ ಈಗಿನ ಪ್ರಮಾಣಪತ್ರದ ಅವಧಿಯು ಇನ್ನೂ ಆರಂಭವಾಗಿಲ್ಲವೆಂದು ತೋರುವುದರಿಂದ ಅದು ಪುಟವನ್ನು ನಿರಾಕರಿಸುವುದು. ನೂರು ರೂಪಾಯಿಗೂ ಕಡಮೆ ಬೆಲೆಯ ಈ ಬ್ಯಾಟರಿಯನ್ನು ಫೋನಿನಲ್ಲಿ ಯಾವ ಪಂಡಿತನು ತಾನೇ ಬದಲಾಯಿಸಬಲ್ಲನು?

ಯಂತ್ರವು ಆಮೆಯಂತಾಯಿತೆಂಬುದು ಎಲ್ಲೆಲ್ಲಿಯೂ ಕೇಳುವ ದೂರು. ಹಳೆಯ ಕಂಪ್ಯೂಟರುಗಳಲ್ಲಿ ಕಡತಗಳಿರುವುದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳ ಮೇಲೆ. ಓದುವ ಮುಳ್ಳು ಅತ್ತಿತ್ತ ಸರಿದು ಹುಡುಕಬೇಕು. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿಸಿದರೆ ಅದೇ ಯಂತ್ರವು ಚುರುಕಾಗುವುದು. 4 ಜಿ.ಬಿ. ರ‍್ಯಾಮ್ ಇದ್ದರೆ 8ಕ್ಕೆ ಏರಿಸುವುದೂ ಒಳ್ಳೆಯದೇ, ಆದರೆ ತೆಳುವಾದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇದು ಸಾಧ್ಯವಿಲ್ಲ. ವರ್ಷದ ಒಪ್ಪಂದಕ್ಕೆ ಕೊಡುವ ಹಣವನ್ನು ಇಂಥ ಬಿಡಿಭಾಗಕ್ಕೆ ಕೊಟ್ಟರೆ ವಸ್ತುವಾದರೂ ಮನೆಯಲ್ಲಿ ಉಳಿಯುವುದು. ಹಳೆಯ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿದರೆ ಮಾತ್ರ ಆ ಕ್ಷಣವೇ ಆರಿಸಿ ಬಲ್ಲವರ ಬಳಿಗೆ ಒಯ್ಯತಕ್ಕದ್ದು. ಅಲ್ಲಿ ಹಣಕ್ಕೆ ಹಿಂಜರಿಯಬಾರದು.

ಇನ್ನೊಂದು ಬಗೆಯ ಮುಪ್ಪು ಯಂತ್ರದ್ದಲ್ಲ, ಅದನ್ನು ನಡೆಸುವ ತಂತ್ರಾಂಶದ್ದು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದು ಯಂತ್ರಗಳೇನೂ ನಿಂತುಹೋಗಲಿಲ್ಲ. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವ ಉಚಿತ ತಿದ್ದುಪಡಿಗಳು ನಿಂತುವು. 2017ಕ್ಕೆ ಹಿಂದಿನ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥವುಗಳಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಹೂಡಬಹುದು. ಪತ್ರ ಬರೆಯುವುದಕ್ಕೂ ಮೊಮ್ಮಕ್ಕಳ ಮುಖ ನೋಡುವುದಕ್ಕೂ ಅಷ್ಟು ಸಾಕು. ಹೂಡುವ ಮುನ್ನ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕೆಂಬುದನ್ನು ಮರೆಯಬಾರದು.

ಪರದೆಯ ತುಂಬ ಕೆಂಪು ಎಚ್ಚರಿಕೆ ಮೂಡಿ, ಈ ನಂಬರಿಗೆ ಕೂಡಲೇ ಫೋನು ಮಾಡಿರೆಂದು ಕೂಗಿದರೆ ಅದು ಮೋಸವೇ ಸರಿ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿರುವುದು. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಡಮಾಡದೆ 1930ಕ್ಕೆ ಫೋನು ಮಾಡಿ ದೂರು ಕೊಡತಕ್ಕದ್ದು.

ರಿಪೇರಿ ಅಂಗಡಿಯವರೆಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ನಮ್ಮ ಪೇಟೆಯ ಅಂಗಡಿಯವರು ಬ್ಯಾಟರಿಯ ಬೆಲೆಯನ್ನು ಮಾತ್ರ ತೆಗೆದುಕೊಂಡು, ಧೂಳು ತುಂಬಿದ್ದ ಫ್ಯಾನನ್ನು ಹಾಗೆಯೇ ಶುಚಿಮಾಡಿ ಕೊಟ್ಟರು. ಯಾವ ಭಾಗ ಕೆಟ್ಟಿದೆ, ಬೆಲೆಯೆಷ್ಟು, ಕೂಲಿಯೆಷ್ಟು ಎಂದು ಮೊದಲೇ ಕೇಳಿ ಬರೆಸಿಕೊಂಡು, ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯುವುದು ಮರ್ಯಾದೆಗೇನೂ ಕುಂದಲ್ಲ. ಬ್ಯಾಟರಿ ಹಾಕಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿರುವೆನು. ಒಪ್ಪಂದದ ವರ್ಷವು ಇನ್ನೂ ಮುಗಿದಿಲ್ಲ. ಆ ಯುವಕನಿಗೆ ಮತ್ತೆ ಫೋನು ಮಾಡುವ ಪ್ರಸಂಗವು ಇದುವರೆಗೆ ಬಂದಿಲ್ಲ.