ಹಿತ್ತಲ ಫರಸಿ ಬೇಲಿ ಯಾಕೆ ವಾಲುತ್ತದೆ? ರಾವೂರಿನ ಒಂದು ಮನೆಯ ಲೆಕ್ಕ

ಇವತ್ತಿನ ಮಾತು ಬೇಲಿದು. ಬೇಲಿ ಅಂದ ಕೂಡಲೇ ನಿಮ್ಮ ಕಣ್ಣಿಗೆ ಜಾಲಿ ಮುಳ್ಳು, ತಂತಿ, ಇಲ್ಲಾ ತೊಗರಿ ಕಟ್ಟಿಗೆ ಬಂದಿರಬಹುದು. ನಮ್ಮ ರಾವೂರ ಕಡೆ, ಅಂದ್ರ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಮುತ್ತ, ಬಹಳ ಮನೆಗಳಿಗೆ ಬೇಲಿ ಅಂದ್ರ ಕಲ್ಲು. ನೆಲಕ್ಕೆ ಹಾಸುವ ಅದೇ ಫರಸಿಯನ್ನು ಎಬ್ಬಿಸಿ ನಿಲ್ಲಿಸಿ, ಒಂದರ ಪಕ್ಕ ಒಂದು ಹೂಳಿದರೆ ಹಿತ್ತಲಿಗೆ ಕಾವಲು ಆಯ್ತು. ಕಂಬ ಬೇಡ, ತಂತಿ ಬೇಡ, ಗೆದ್ದಲಿನ ಭಯ ಇಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಹಿತ್ತಲಿನ 22 ಕಲ್ಲುಗಳಲ್ಲಿ ಐದು ಬಾಜೂ ಮನೆ ಕಡೆ ವಾಲಿದ್ದವು. ಅದರಲ್ಲಿ ಒಂದಕ್ಕೆ ಅವ್ವ ಹಗ್ಗ ಹಾಕಿ ಬೇವಿನ ಗಿಡಕ್ಕೆ ಬಿಗಿದಿದ್ದಳು. "ಯಾಕ ಹೆದರ್ತಿ, ಹಗ್ಗ ಕಟ್ಟೀನಲ್ಲ, ಬೀಳಂಗಿಲ್ಲ" ಅಂದಳು. ಆ ಕಲ್ಲಿನ ಆಚೆ ಬದಿಯ ನೆರಳಿನಲ್ಲಿ ಬಾಜೂ ಮನೆಯ ಮೊಮ್ಮಗ ಕೂತು ಗೋಲಿ ಆಡುತ್ತಿದ್ದ. ನಾನು ಕೂತು ಲೆಕ್ಕ ಹಾಕಿದೆ. ಐದು ಅಡಿ ಎತ್ತರ, ಎರಡು ಅಡಿ ಅಗಲ, ಎರಡು ಇಂಚು ದಪ್ಪದ ಫರಸಿ. ಸುಣ್ಣಕಲ್ಲು ಒಂದು ಘನ ಅಡಿಗೆ ಹತ್ತಿರ ಹತ್ತಿರ 75 ಕೆ.ಜಿ. ತೂಗುತ್ತದೆ. ಒಂದು ಕಲ್ಲಿಗೆ 125 ಕೆ.ಜಿ. ಆಯ್ತು. ಒಂದು ಚೀಲ ತೊಗರಿಗಿಂತ ಭಾರ. ಅವತ್ತೇ ಆ ಹುಡುಗನ ಆಟ ಅಂಗಳಕ್ಕೆ ಬಂತು.

ಈಗ ಕಲ್ಲು ಯಾಕೆ ವಾಲಿತು ಅನ್ನೋದು. ತಪ್ಪು ಕಲ್ಲಿನದಲ್ಲ, ಮಣ್ಣಿನದು. ನಮ್ಮದು ಎರೆಮಣ್ಣು. ಇದರಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುವುದನ್ನು ನೀವು ನೋಡೇ ಇರ್ತೀರಿ. ಪ್ರತಿ ವರ್ಷ ಈ ಉಬ್ಬು, ಈ ಕುಗ್ಗು. ಕಲ್ಲಿನ ಎರಡೂ ಬದಿಗೆ ಸಮನಾಗಿ ಆದರೆ ಹೆಚ್ಚು ತೊಂದರೆ ಇಲ್ಲ. ನಮ್ಮಲ್ಲಿ ಹಾಗೆ ಆಗಿರಲಿಲ್ಲ. ಬಚ್ಚಲ ನೀರು ವರ್ಷಗಟ್ಟಲೆ ಬೇಲಿಯ ಬುಡಕ್ಕೇ ಹರಿಯುತ್ತಿತ್ತು. ನಮ್ಮ ಬದಿಯ ಮಣ್ಣು ಸದಾ ಹಸಿ, ಅವರ ಬದಿ ಒಣ. ಹಸಿ ಮಣ್ಣು ಉಬ್ಬಿ ಬುಡವನ್ನು ನೂಕಿತು, ಒಣ ಮಣ್ಣು ಬಿರುಕು ಬಿಟ್ಟು ಜಾಗ ಕೊಟ್ಟಿತು. ವಾಲಿದ ಐದೂ ಕಲ್ಲುಗಳು ಬಚ್ಚಲಿನ ನೇರಕ್ಕೇ ಇದ್ದವು ಅನ್ನೋದು ನನಗೆ ಎರಡು ದಿನ ಆದ ಮೇಲೆ ಹೊಳೆಯಿತು. ಅಷ್ಟರಲ್ಲಿ ನಾನು ಸಿಮೆಂಟ್ ಚೀಲಕ್ಕೆ ಹೇಳಿ ಕಳಿಸಿಯೂ ಆಗಿತ್ತು.

ಫರಸಿ ಖಣಿಯಲ್ಲಿ ಬಹಳ ವರ್ಷ ದುಡಿದ ಸೋದರಮಾವ ಬಂದು ಆ ಚೀಲ ನೋಡಿ ನಕ್ಕರು. "ಮೊದಲ ನೀರು ತಿರುಗಿಸು, ಆಮ್ಯಾಲ ಕಲ್ಲು ಮುಟ್ಟು." ಬುಡಕ್ಕೆ ಸಿಮೆಂಟ್ ಸುರಿದರೂ ಕೆಳಗಿನ ಮಣ್ಣು ಉಬ್ಬುವುದು ನಿಲ್ಲೋದಿಲ್ಲ, ಕಲ್ಲು ಕಾಂಕ್ರೀಟು ಎರಡೂ ಕೂಡಿ ವಾಲ್ತಾವ ಅಂತ ಅವರ ಮಾತು. ಒಂದು ತಮಾಷೆ ನೋಡ್ರಿ. ವಾಡಿಯಲ್ಲಿ 1968ರಿಂದ ಸಿಮೆಂಟ್ ಆಗುತ್ತಿರುವುದೂ ಈ ಸೀಮೆಯ ಸುಣ್ಣಕಲ್ಲಿನಿಂದಲೇ. ಪುಡಿ ಮಾಡಿ, ಸುಮಾರು 1450 ಡಿಗ್ರಿಗೆ ಸುಟ್ಟು, ಚೀಲದಲ್ಲಿ ತುಂಬಿ ಕೊಡುತ್ತಾರೆ. ಇಡೀ ಕಲ್ಲನ್ನು ನಿಲ್ಲಿಸಲು ಸುಟ್ಟ ಕಲ್ಲನ್ನು ದುಡ್ಡು ಕೊಟ್ಟು ತರೋದು.

ಕಲ್ಲು ಕೀಳುವ ಮೊದಲು ಅವ್ವ ಇನ್ನೊಂದು ಮಾತು ಹೇಳಿದಳು. "ಬಾಜೂ ಮನಿ ಕಾಕಾಗ ಕರಿ. ಅವರು ನಿಂತಿರಬೇಕು." ಕಾಕಾ ಬಂದರು, ಆದರೆ ಮುಖ ಗಂಟು ಹಾಕಿಕೊಂಡೇ ಬಂದರು. ನಿಮ್ಮ ಬೇಲಿ ನಮ್ಮ ಜಾಗಕ್ಕೆ ಒಂದು ಗೇಣು ಬಂದದ ಅನ್ನೋದು ಅವರ ಹಳೆಯ ತಕರಾರು. ನಾವು ಅದನ್ನು ಯಾವತ್ತೂ ಒಪ್ಪಿರಲಿಲ್ಲ. ಅಪ್ಪ ಇದ್ದಾಗ ಇದೇ ಮಾತಿಗೆ ಎರಡು ಮನೆಯವರು ಒಂದು ವರ್ಷ ಮಾತು ಬಿಟ್ಟಿದ್ದರು.

ಉತ್ತರ ನೆಲದಲ್ಲೇ ಇತ್ತು. ಹಳೆಯ ಕಾಲದವರು ಕಲ್ಲು ಹೂಳುವಾಗ ಕುಣಿಗೆ ಮುರುಮು, ಕಲ್ಲಿನ ಚಕ್ಕೆ ತುಂಬಿದ್ದರು. ಕಪ್ಪು ಮಣ್ಣನ್ನು ಮೆಲ್ಲಗೆ ಕೆರೆದಂತೆ ಆ ಕೆಂಪು ಮುರುಮಿನ ಪಟ್ಟಿ ಉದ್ದಕ್ಕೂ ಕಂಡಿತು. ಅದೇ ಮೂಲ ಗೆರೆ. ಎರಡು ತುದಿಯ ಗಟ್ಟಿ ಕಲ್ಲುಗಳಿಗೆ ದಾರ ಕಟ್ಟಿ ನೋಡಿದೆವು. ವಾಲಿದ ಕಲ್ಲುಗಳ ತಲೆ ಗೇಣಿಗಿಂತ ಹೆಚ್ಚು ಆಚೆ ಹೋಗಿತ್ತು, ಬುಡ ಮೂರು ಬೆರಳು ಸರಿದಿತ್ತು. ಅಂದರೆ ಕಾಕಾ ಹೇಳಿದಷ್ಟು ಇರಲಿಲ್ಲ, ನಾವು ಹೇಳಿದಂತೆ ಏನೂ ಇಲ್ಲ ಅಂತಲೂ ಅಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ಮೂರು ಬೆರಳು ಅವರದದ. ಹಿಂದಕ ತಗೋ." ಕಾಕಾ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಹಾರೆ ಬಂತು, ಅದರ ಹಿಂದೆ ಅವರ ಮಗನೂ ಬಂದ.

ಇನ್ನು ಕೆಲಸ. ಬಚ್ಚಲ ನೀರಿಗೆ ಪೈಪು ಹಾಕಿ ಬೇಲಿಯಿಂದ ದೂರ, ಬಾಳೆಗಿಡದ ಬುಡಕ್ಕೆ ಬಿಟ್ಟೆವು. ಹಳೆಯ ಕುಣಿ ಒಂದೇ ಅಡಿ ಆಳ ಇತ್ತು. ನಮ್ಮ ಹಿತ್ತಲಲ್ಲಿ ಎರೆಮಣ್ಣಿನ ಪದರ ತೆಳು. ಒಂದೂವರೆ ಅಡಿಗೇ ಹಾರೆ ಠಣ್ ಅಂತ ಕಲ್ಲಿಗೆ ತಾಗಿತು. ಅಲ್ಲಿಯವರೆಗೆ ಅಗೆದು ಫರಸಿಯನ್ನು ಬಂಡೆಯ ಮೇಲೇ ನಿಲ್ಲಿಸಿದೆವು. ಉಬ್ಬುವ ಮಣ್ಣು ಕೆಳಗೆ ಉಳಿಯಲೇ ಇಲ್ಲ. ನಿಮ್ಮಲ್ಲಿ ಮಣ್ಣು ಆಳ ಇದ್ದರೆ ಕಲ್ಲಿನ ಮೂರರಲ್ಲಿ ಒಂದು ಪಾಲು ಹೂಳಿರಿ. ತೆಗೆದ ಕಪ್ಪು ಮಣ್ಣನ್ನು ತಿರುಗಿ ಕುಣಿಗೆ ಹಾಕಬೇಡಿ. ಮುರುಮು, ಚಕ್ಕೆಕಲ್ಲು ಹಾಕಿ, ಅಂಗೈ ದಪ್ಪಕ್ಕೊಮ್ಮೆ ನೀರು ಚಿಮುಕಿಸಿ ಬಡಿಯಿರಿ. ತೂಗುಗುಂಡು ಹಿಡಿದು ಎರಡೂ ದಿಕ್ಕಿನಿಂದ ನೋಡಿ.

ಹಳೆಯ ಕಲ್ಲನ್ನು ಮತ್ತೆ ಬಳಸಬಹುದೇ? ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ. ಗಂಟೆಯಂತೆ ನಾದ ಬಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಶಹಾಬಾದ್ ಕಲ್ಲು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆದದ್ದು. ಅದಕ್ಕೇ ಅಷ್ಟು ಚೆಂದ ಸೀಳುತ್ತದೆ, ಅದಕ್ಕೇ ತಲೆಯಿಂದ ನೀರು ಇಳಿದರೆ ಎಲೆಯಂತೆ ಬಿಚ್ಚುತ್ತದೆ. ನಮ್ಮ ಐದರಲ್ಲಿ ಒಂದು ಹಾಗಾಗಿತ್ತು. ಕೀಳುವಾಗಲೇ ಎರಡು ಹೋಳಾಯ್ತು. ಒಂದು ಹೋಳು ಈಗ ಬಟ್ಟೆ ಒಗೆಯುವ ಕಲ್ಲು. ಉಳಿದ ನಾಲ್ಕರ ತಲೆಯ ಬಿರುಕಿಗೆ ಆ ಸಿಮೆಂಟ್ ಚೀಲದಿಂದ ಒಂದಿಷ್ಟು ಮೆತ್ತಿದೆವು, ಅಷ್ಟಕ್ಕೆ ಮಾತ್ರ ಅದು ಬೇಕಿತ್ತು.

ಒಂದು ನಷ್ಟ ಆಗಿದ್ದು ನಿಜ. ಆಳಕ್ಕೆ ಹೂಳಿದ್ದರಿಂದ ಬೇಲಿ ಅಲ್ಲಿ ಅರ್ಧ ಅಡಿ ಗಿಡ್ಡ ಆಗಿದೆ. ಆಡು ಹಾರಿ ಬರ್ತಾವ ಅಂತ ಅವ್ವ ಫೋನಿನಲ್ಲಿ ಬೈಯುತ್ತಲೇ ಇದ್ದಾಳೆ. ಸದ್ಯಕ್ಕೆ ಆ ನಾಲ್ಕು ಕಲ್ಲಿನ ಮೇಲೆ ತೊಗರಿ ಕಟ್ಟಿಗೆ ಕಟ್ಟಿದ್ದಾರಂತೆ.

ಮೂಲೆಯ ಎರಡು ಕಲ್ಲು ಇನ್ನೂ ನೋಡಬೇಕು. ಬೇಸಿಗೆಯಲ್ಲಿ ಮಣ್ಣು ಹಾರೆಗೆ ಬಗ್ಗೋದಿಲ್ಲ, ಮಳೆಗಾಲದಲ್ಲಿ ಕುಣಿ ತುಂಬ ನೀರು. ಹಾಗಾಗಿ ಅದು ಮುಂದಿನ ದೀಪಾವಳಿ ಆದ ಮೇಲೆ.