ಮನೆ ಹತ್ತಿರದ ಪಾರ್ಕ್, ಕೆರೆ ದಂಡೆ: ವಾರಕ್ಕೆ ಎರಡು ಗಂಟೆ ಕಳೆದರೆ ಆರೋಗ್ಯಕ್ಕೇನು ಲಾಭ?

ನಗರದ ಪಾರ್ಕ್, ಕೆರೆಗಳು ಬರೀ ಅಂದಕ್ಕಲ್ಲ, ಆರೋಗ್ಯಕ್ಕೂ ಬೇಕು. ಆದರೆ ಎಷ್ಟು ಹೊತ್ತು ಅಲ್ಲಿದ್ದರೆ ಉಪಯೋಗ?

ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಆಧರಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಪಾರ್ಕ್, ಕಾಡು, ಕಡಲತೀರಗಳಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ಕಳೆದವರಲ್ಲಿ ಆರೋಗ್ಯ ಚೆನ್ನಾಗಿದೆ ಎಂದವರ ಪ್ರಮಾಣ ಹೆಚ್ಚಿತ್ತು. ಒಂದೇ ದಿನ ಹೋದರೂ, ದಿನಾ ಸ್ವಲ್ಪ ಹೊತ್ತು ಹೋದರೂ ಫಲಿತಾಂಶ ಒಂದೇ. ಆದರೆ ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗಿರಲೂಬಹುದು. ಹೀಗಾಗಿ ಇದನ್ನೇ ಔಷಧಿ ಎನ್ನಲಾಗದು.

ಲಾಭ ಹೇಗೆ?

* ನಡೆಯಲು ಜಾಗ ಸಿಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಗೆ ನಡಿಗೆ ಸಹಕಾರಿ.
* ಮರಗಳ ನೆರಳು ಬಿಸಿಲಿನ ಧಗೆ ತಗ್ಗಿಸುತ್ತದೆ.
* ನಾಲ್ಕು ಜನರೊಂದಿಗೆ ಮಾತುಕತೆಯಾಗುತ್ತದೆ, ಮನಸ್ಸು ಹಗುರಾಗುತ್ತದೆ.

ಎಷ್ಟು ದೂರದಲ್ಲಿರಬೇಕು?

ಪ್ರತಿ ಮನೆಯಿಂದ 300 ಮೀಟರ್‌ ಒಳಗೆ ಕನಿಷ್ಠ ಅರ್ಧ ಹೆಕ್ಟೇರ್, ಅಂದರೆ ಸುಮಾರು ಒಂದೂಕಾಲು ಎಕರೆ ಹಸಿರು ಜಾಗವಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ. ಇದು ಐದು ನಿಮಿಷದ ನಡಿಗೆ.

ಗೇಟ್ ತೆರೆದಿರಲಿ

ಹತ್ತಿರವಿದ್ದರೂ ಬೀಗ ಹಾಕಿದ್ದರೆ ಪ್ರಯೋಜನವಿಲ್ಲ. ಡೆಲಿವರಿ ಹುಡುಗರು, ಬೀದಿ ವ್ಯಾಪಾರಿಗಳು, ಪೌರಕಾರ್ಮಿಕರಿಗೆ ನೆರಳು ಬೇಕಾಗುವುದೇ ನಡುಮಧ್ಯಾಹ್ನ. ಬೆಂಗಳೂರಿನ ಪಾಲಿಕೆ ಪಾರ್ಕ್‌ಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಬಂದಿದ್ದು 2024ರಲ್ಲಿ.

ಕೆರೆಗೂ ಇದೇ ಮಾತು. ಚರಂಡಿ ನೀರು ಸೇರಿದರೆ ಅಲ್ಲಿ ಸಿಗುವುದು ಆರೋಗ್ಯವಲ್ಲ, ಸೊಳ್ಳೆ ಕಾಟ. ನಿಮ್ಮ ಬಡಾವಣೆಯ ಪಾರ್ಕ್ ಮಧ್ಯಾಹ್ನ ಮುಚ್ಚುತ್ತಿದ್ದರೆ, ಕೆರೆಗೆ ಕೊಳಚೆ ಹರಿಯುತ್ತಿದ್ದರೆ ವಾರ್ಡ್ ಕಚೇರಿಗೆ ಲಿಖಿತ ದೂರು ಕೊಡಿ.