ಧನಿಕರ ಮನೆಯ ಕೋಶಾಧಿಕಾರಿ

ಅರಮನೆಗೆ ಖಜಾನೆದಾರನೂ, ಮಠಕ್ಕೆ ಪಾರುಪತ್ಯಗಾರನೂ, ಸಾಹುಕಾರನ ಅಂಗಡಿಗೆ ಗುಮಾಸ್ತನೂ ಇದ್ದುದನ್ನು ನಮ್ಮ ವಾಚಕರು ಬಲ್ಲರು. ಇಂದಿನ ಮಹಾಧನಿಕರ ಮನೆತನಗಳಲ್ಲಿ ಈ ಮೂವರ ಭಾರವನ್ನೂ ಒಬ್ಬನೇ ಹೊರುವ ಅಧಿಕಾರವೊಂದು ಏರ್ಪಟ್ಟಿದೆ. ಫ್ಯಾಮಿಲಿ ಆಫೀಸ್ ಎಂದು ಕರೆಯಲ್ಪಡುವ ಕುಟುಂಬದ ಕಚೇರಿಯಲ್ಲಿ ಕುಳಿತು, ಮನೆತನದ ದ್ರವ್ಯವನ್ನು ಯಾವ ಷೇರಿನಲ್ಲಿ, ಯಾವ ಸಾಲಪತ್ರದಲ್ಲಿ, ಯಾವ ಭೂಮಿಯಲ್ಲಿ ತೊಡಗಿಸಬೇಕೆಂದು ನಿಷ್ಕರ್ಷಿಸುವುದು, ತೆರಿಗೆ ಸಲ್ಲಿಸುವುದು, ಟ್ರಸ್ಟುಗಳ ಲೆಕ್ಕವಿಡುವುದು ಇವೆಲ್ಲ ಆತನ ಕರ್ತವ್ಯಗಳು. ಇದು ಖಾಸಗಿಯವರ ಮನೆಯ ಮಾತು, ನಮಗೇಕೆ ಎಂದು ಕೇಳುವವರುಂಟು. ನಮಗೇಕೆಂಬುದನ್ನು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇವೆ.

ಈ ಅಧಿಕಾರಕ್ಕೆ ಮಾದರಿಯೆನಿಸಿದವನು ಲೆಕ್ಕಿಗನಲ್ಲ, ಪಾದ್ರಿ. ಅಮೆರಿಕದ ಎಣ್ಣೆಯ ದೊರೆ ಜಾನ್ ರಾಕ್‌ಫೆಲರನು ದಾನ ಬೇಡುವವರ ಅರ್ಜಿಗಳ ಮಳೆಯಿಂದ ಬೇಸತ್ತು, ಅವುಗಳನ್ನು ಶೋಧಿಸಲು 1891ರಲ್ಲಿ ಫ್ರೆಡರಿಕ್ ಗೇಟ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯನ್ನು ನೇಮಿಸಿಕೊಂಡನು. ಎಣ್ಣೆಯಲ್ಲಿ ಗಳಿಸಿದ್ದನ್ನು ರಾಕ್‌ಫೆಲರನು ಸ್ನೇಹಿತರ ಮಾತಿನ ಮೇಲೆ ಗಣಿ, ಗಿರಣಿ, ಭೂಮಿಗಳಲ್ಲಿ ಹಾಕಿದ್ದನು. ದಾನದ ಕೆಲಸಕ್ಕಾಗಿ ಊರೂರು ಸುತ್ತುತ್ತಿದ್ದ ಗೇಟ್ಸನಿಗೆ, ಆ ಉದ್ಯಮಗಳನ್ನೂ ಕಣ್ಣಾರೆ ನೋಡಿಬರುವಂತೆ ಯಜಮಾನನ ಅಪ್ಪಣೆಯಾಯಿತು. ನೋಡಿದರೆ ಅನೇಕವು ಪೊಳ್ಳು. ವಾಷಿಂಗ್ಟನ್ ಸಂಸ್ಥಾನದ ಎವರೆಟ್ ಪಟ್ಟಣದ ಸುತ್ತ ಹೂಡಿದ್ದ ಹಣದ ಸ್ಥಿತಿಯಂತೂ ತೀರ ಶೋಚನೀಯವಾಗಿತ್ತು. ಪಾದ್ರಿಯು ಇದನ್ನು ಮರೆಮಾಚಲಿಲ್ಲ. ಜಗತ್ತಿನ ಅತ್ಯಂತ ಸಿರಿವಂತರಲ್ಲೊಬ್ಬನ ಮುಂದೆ ನಿಂತು, ನಿಮ್ಮ ಮಿತ್ರರು ತೋರಿಸಿದ ದಾರಿ ತಪ್ಪಾದುದು ಎಂದು ಹೇಳಿದನು. ಅಂಥ ಮಾತನ್ನಾಡಿದವನನ್ನು ಹೊರಗಟ್ಟುವುದು ಶ್ರೀಮಂತರ ವಾಡಿಕೆ. ರಾಕ್‌ಫೆಲರನು ಅವನ ಕೈಗೇ ಲೆಕ್ಕವನ್ನೊಪ್ಪಿಸಿದನು.

ಆತನು ದೇವತಾಪುರುಷನೆಂದು ನಾವು ಹೇಳುವುದಿಲ್ಲ. ಮಿನಸೋಟಾದ ಮೆಸಾಬಿ ಬೆಟ್ಟಗಳಲ್ಲಿ ಕಬ್ಬಿಣದ ಅದುರನ್ನು ಕಂಡುಹಿಡಿದ ಮೆರಿಟ್ ಸೋದರರು 1893ರ ಹಣದ ಮುಗ್ಗಟ್ಟಿನಲ್ಲಿ ರಾಕ್‌ಫೆಲರನಿಂದ ಸಾಲ ಪಡೆದು, ಕೊನೆಗೆ ಗಣಿಗಳನ್ನೇ ಕಳೆದುಕೊಂಡರು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, 1897ರಲ್ಲಿ 5,25,000 ಡಾಲರು ಕೊಟ್ಟು ರಾಜಿಯಾಯಿತು. ಅವೇ ಗಣಿಗಳು 1901ರಲ್ಲಿ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿಗೆ ಹಲವು ಕೋಟಿ ಡಾಲರುಗಳಿಗೆ ಮಾರಿಹೋದುವು. ಮೆರಿಟ್ ಸೋದರರ ನಿಟ್ಟುಸಿರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮೆಯಾಗಲಿಲ್ಲ. ಆದರೂ ಯಜಮಾನನಿಗೆ ಅಪ್ರಿಯವನ್ನು ನುಡಿಯುವ ಗುಣವನ್ನು ಗೇಟ್ಸನು ಬಿಡಲಿಲ್ಲ. ಸಂಪತ್ತು ಬೆಳೆಯುವುದಕ್ಕಿಂತ ವೇಗವಾಗಿ ಅದನ್ನು ಹಂಚದಿದ್ದರೆ ಅದು ನಿಮ್ಮನ್ನೂ ನಿಮ್ಮ ಮಕ್ಕಳು ಮೊಮ್ಮಕ್ಕಳನ್ನೂ ಹೊಸಕಿಹಾಕುವುದೆಂದು ಎಚ್ಚರಿಸಿ ಪತ್ರ ಬರೆದನು. 1901ರ ವೈದ್ಯಕೀಯ ಸಂಶೋಧನ ಸಂಸ್ಥೆಯೂ 1913ರ ರಾಕ್‌ಫೆಲರ್ ಪ್ರತಿಷ್ಠಾನವೂ ಹುಟ್ಟಿದುದರಲ್ಲಿ ಅವನ ಪ್ರೇರಣೆ ದೊಡ್ಡದು.

ಅದೇ ನ್ಯೂಯಾರ್ಕಿನಲ್ಲಿ ನೂರಿಪ್ಪತ್ತು ವರ್ಷಗಳ ತರುವಾಯ ನಡೆದುದನ್ನು ನೋಡೋಣ. ಬಿಲ್ ಹ್ವಾಂಗ್ ಎಂಬವನ ಸ್ವಂತ ದ್ರವ್ಯವನ್ನು ನಿರ್ವಹಿಸುತ್ತಿದ್ದ ಕುಟುಂಬದ ಕಚೇರಿಗೆ ಆರ್ಕಿಗೋಸ್ ಎಂದು ಹೆಸರು. 2011ರ ನಿಯಮದ ಪ್ರಕಾರ ಇಂಥ ಕಚೇರಿಗಳು ಹೂಡಿಕೆಯ ಸಲಹೆಗಾರರಂತೆ ಸರಕಾರದಲ್ಲಿ ನೋಂದಣಿಯಾಗಬೇಕಾಗಿರಲಿಲ್ಲ. 2020ರಲ್ಲಿ 150 ಕೋಟಿ ಡಾಲರಿದ್ದ ಗಂಟು ಒಂದೇ ವರ್ಷದಲ್ಲಿ 3,500 ಕೋಟಿಗೇರಿತು. ಸಾಲದ ಬಲದಿಂದ ಹಿಡಿದ ಷೇರುಗಳ ಮೌಲ್ಯ 16,000 ಕೋಟಿ ಮುಟ್ಟಿತು. ಉಪಾಯ ಹೀಗೆ: ಷೇರನ್ನು ಬ್ಯಾಂಕು ತನ್ನ ಹೆಸರಿನಲ್ಲಿಯೇ ಕೊಂಡಿಡುವುದು, ಬೆಲೆ ಏರಿದರೆ ಲಾಭ ಕಚೇರಿಗೆ, ಇಳಿದರೆ ನಷ್ಟವನ್ನು ಕಚೇರಿ ತುಂಬಿಕೊಡತಕ್ಕದ್ದು. ಒಂದು ಬ್ಯಾಂಕಿನಲ್ಲಿ ಎಷ್ಟಿದೆಯೆಂಬುದು ಇನ್ನೊಂದಕ್ಕೆ ತಿಳಿಯದು. ಕೇಳಿದಾಗ ಸುಳ್ಳು ಉತ್ತರ. 2021ರ ಮಾರ್ಚಿಯಲ್ಲಿ ಬೆಲೆಗಳು ಕುಸಿದುವು; ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ಬ್ಯಾಂಕುಗಳಿಗಾದ ನಷ್ಟ 1,000 ಕೋಟಿ ಡಾಲರಿಗೂ ಮಿಗಿಲು. ಅದರಲ್ಲಿ 550 ಕೋಟಿ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಒಂದಕ್ಕೇ. ಯಜಮಾನನಿಗೆ 2024ರಲ್ಲಿ 18 ವರ್ಷಗಳ ಶಿಕ್ಷೆಯಾಯಿತು. ಹಣಕಾಸಿನ ಮುಖ್ಯಾಧಿಕಾರಿ ಪ್ಯಾಟ್ರಿಕ್ ಹ್ಯಾಲಿಗನ್ನನಿಗೆ 2025ರಲ್ಲಿ 8 ವರ್ಷ.

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಅಧಿಕಾರಿಗಳು ಧನವನ್ನಪಹರಿಸುವ 40 ವಿಧಗಳನ್ನು ಎಣಿಸಿರುವನು. ಅವನ ಚಿಂತೆ ಒಡೆಯನನ್ನು ವಂಚಿಸುವ ಅಧಿಕಾರಿಯದು. ನಮ್ಮ ಕಾಲದ ಪೀಡೆ ಬೇರೆ: ಒಡೆಯನನ್ನು ಮೆಚ್ಚಿಸಲು ಊರನ್ನೇ ವಂಚಿಸುವ ಅಧಿಕಾರಿ. ಇವನನ್ನು ಹಿಡಿಯುವುದು ಕಷ್ಟ. ಕಳ್ಳತನದ ಗಂಟು ಅವನ ಮನೆಯಲ್ಲಿ ಸಿಕ್ಕುವುದಿಲ್ಲವಷ್ಟೆ.

ನಮ್ಮ ನಾಡಿಗೂ ಈ ವಿಷಯಕ್ಕೂ ಸಂಬಂಧವುಂಟು. ಬೆಂಗಳೂರಿನ ಅಜೀಂ ಪ್ರೇಮ್‌ಜಿಯವರು 2019ರಲ್ಲಿ 52,750 ಕೋಟಿ ರೂಪಾಯಿ ಬೆಲೆಯ ವಿಪ್ರೋ ಷೇರುಗಳ ಉತ್ಪನ್ನವನ್ನು ತಮ್ಮ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟಾಗ, ಅವರ ಒಟ್ಟು ದಾನ 1,45,000 ಕೋಟಿಯಾಯಿತು. ಆ ಪ್ರತಿಷ್ಠಾನದ ನಿಧಿಯನ್ನು ಬೆಳೆಸುವ ಹೊಣೆ ಪ್ರೇಮ್‌ಜಿ ಇನ್ವೆಸ್ಟ್ ಎಂಬ ಕಚೇರಿಯದು. ನಮ್ಮ ಶಾಲೆಗಳ ಮಕ್ಕಳಿಗೆ ಸರಕಾರವು ವಾರಕ್ಕೆರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೇರಿಸಲು, ಇದೇ ಪ್ರತಿಷ್ಠಾನವು 2024ರಲ್ಲಿ ಮೂರು ವರ್ಷಗಳಿಗೆಂದು 1,500 ಕೋಟಿ ರೂಪಾಯಿಯನ್ನು ಒಪ್ಪಿಕೊಂಡಿತು. ಆ ಕಚೇರಿಯ ಮೇಲೆ ನಮಗೆ ಯಾವ ಆಕ್ಷೇಪಣೆಯೂ ಇಲ್ಲ. ದಾನವನ್ನು ಮುಕ್ತಕಂಠದಿಂದ ಹೊಗಳುತ್ತೇವೆ. ಆದರೆ ಹಳ್ಳಿಯ ಮಗುವಿನ ತಟ್ಟೆಯವರೆಗೆ ಕೈ ನೀಡಿರುವ ದ್ರವ್ಯದ ಲೆಕ್ಕವನ್ನು ಮನೆಯೊಳಗಿನ ಮಾತೆನ್ನಲಾಗದು.

ಆದುದರಿಂದ ಧರ್ಮಕಾರ್ಯಕ್ಕೆ ನಿಧಿಯಿಟ್ಟಿರುವ, ಇಲ್ಲವೆ ಬ್ಯಾಂಕುಗಳಿಂದ ಸಾಲವೆತ್ತುವ ಎಲ್ಲ ಕುಟುಂಬದ ಕಚೇರಿಗಳಿಗೂ ನಾವು ಸೂಚಿಸುವುದು ಇಷ್ಟು. ಕೋಶಾಧಿಕಾರಿಯ ಸಂಬಳವು ಆಯಾ ವರ್ಷದ ಲಾಭವೊಂದನ್ನೇ ಅವಲಂಬಿಸಕೂಡದು. ಸಾಲವೆಷ್ಟು, ಯಾರಲ್ಲಿ ಎಂಬ ತಖ್ತೆಯನ್ನು ಸಾಲಕೊಟ್ಟ ಪ್ರತಿಯೊಂದು ಬ್ಯಾಂಕಿಗೂ ಒಂದೇ ಪ್ರತಿಯಾಗಿ ಕಳುಹಿಸಬೇಕು. ಮನೆತನಕ್ಕೆ ಸೇರದ ಇಬ್ಬರು ಮೂವರು ಹಿರಿಯರು ವರ್ಷಕ್ಕೆರಡು ಸಲ, ಯಜಮಾನರು ಎದ್ದುಹೋದ ಮೇಲೆ, ಆ ಅಧಿಕಾರಿಯನ್ನು ಒಬ್ಬನನ್ನೇ ಕೂರಿಸಿಕೊಂಡು ವಿಚಾರಿಸಬೇಕು. ಅವನು ಹೇಳಿದುದನ್ನು ಬರೆದಿಟ್ಟು, ಕೆಳಗೆ ಅವನ ರುಜು ತೆಗೆದುಕೊಳ್ಳಬೇಕು.